ಬಲ್ಬ್ ಹಾಕಿದ ಮಾತ್ರಕ್ಕೆ ತಂತಿ ಬೇಲಿ ಸೇಫ್ ಅಲ್ಲ

ಮುಧೋಳ, ಜಮಖಂಡಿ ಕಡೆ ಕಬ್ಬಿಗೆ ದನ ನುಗ್ಗುವುದು ಹಳೆಯ ತಲೆನೋವು. ಮನೆ ಕರೆಂಟನ್ನು ಒಂದು ಬಲ್ಬ್ ಮೂಲಕ ಬೇಲಿಗೆ ಕೊಟ್ಟರೆ ಅಪಾಯವಿಲ್ಲ ಎಂಬ ಸಂದೇಶ ಅದಕ್ಕೇ ಸುತ್ತುತ್ತಿರುತ್ತದೆ. ಇದು ತಪ್ಪು, ಜೀವಕ್ಕೇ ಕುತ್ತು.

ಲೆಕ್ಕ ನೀವೇ ಹಾಕಿ. ಬಲ್ಬಿನ ವ್ಯಾಟನ್ನು ಮನೆ ಕರೆಂಟಿನ ವೋಲ್ಟ್, ಅಂದರೆ 230ರಿಂದ ಭಾಗಿಸಿ. 100 ವ್ಯಾಟ್ ಬಲ್ಬ್ ಸುಮಾರು 0.43 ಆಂಪಿಯರ್ ಎಳೆಯುತ್ತದೆ, ಅಂದರೆ ಅಷ್ಟು ಕರೆಂಟನ್ನು ಅದು ತಡೆಯುವುದಿಲ್ಲ. ಮೈಯಲ್ಲಿ 0.1 ಆಂಪಿಯರ್ ಹರಿದರೂ ಹೃದಯ ನಿಲ್ಲಬಹುದು.

ತಂತಿ ಬೇಲಿಗೆಂದೇ ಮಾಡಿದ, ತಡೆತಡೆದು ಕರೆಂಟ್ ಹೊಡೆತ ಕೊಡುವ ಬೇಲಿ ಯಂತ್ರದ ಕೆಲಸವೇ ಬೇರೆ. ವೋಲ್ಟ್ ಸಾವಿರಾರು, ನಿಜ. ಆದರೆ ಹೊಡೆತ ಸುಮಾರು ಸೆಕೆಂಡಿಗೊಮ್ಮೆ, ಅದೂ ಕಣ್ಣು ಮಿಟುಕಿಸುವುದಕ್ಕಿಂತ ಚಿಕ್ಕದು. ನಡುವಿನ ಬಿಡುವಿನಲ್ಲಿ ಎಮ್ಮೆ ಹಿಂದೆ ಸರಿಯುತ್ತದೆ. ಆ ಟಿಕ್ ಟಿಕ್ ಸದ್ದು ಕೇಳಿದ್ದೀರಿ, ಅಲ್ವಾ?

ಆ ಸಂದೇಶ ಕಳಿಸಿದವರ ಮೇಲೆ ಸಿಟ್ಟು ಬೇಡ, ಯಂತ್ರಕ್ಕೆ ಖರ್ಚು ಜಾಸ್ತಿ ಎಂದು ಅವರಿಗೆ ಅನ್ನಿಸುತ್ತದೆ. ಎಷ್ಟು ಕರೆಂಟ್, ಎಷ್ಟು ಹೊತ್ತು ಎಂದಷ್ಟೇ ಅವರನ್ನು ಕೇಳಿ.