ಅವ್ವ ಬದ್ಕವ್ಳೆ, ಸರ್ವರ್ ಒಪ್ತಿಲ್ಲ

ನವೆಂಬರ್ ಬಂತು ಅಂದ್ರೆ ಊರಿಗೆಲ್ಲ ರಾಜ್ಯೋತ್ಸವ, ನಮ್ಮನೇಲಿ ಮಾತ್ರ ಅವ್ವ ಇನ್ನೂ ಬದ್ಕಿದಾಳೆ ಅಂತ ಪ್ರೂವ್ ಮಾಡೋ ಉತ್ಸವ. ಅಪ್ಪ ಪ್ರೈಮರಿ ಸ್ಕೂಲ್ ಮೇಷ್ಟ್ರು, 2019ರಲ್ಲಿ ಹೋಗ್ಬಿಟ್ರು, ಅವರ ಫ್ಯಾಮಿಲಿ ಪೆನ್ಷನ್ ಅವ್ವಂಗೆ ಬರುತ್ತೆ, ಅದು ಬರ್ತಾ ಇರ್ಬೇಕು ಅಂದ್ರೆ ವರ್ಷಕ್ಕೊಂದ್ಸಲ ನವೆಂಬರ್ 30ರೊಳಗೆ ಜೀವನ ಪ್ರಮಾಣ ಪತ್ರ ಕೊಡ್ಬೇಕು, ಕೊಡ್ಲಿಲ್ವೋ, ಸರ್ಕಾರದ ಲೆಕ್ಕದಲ್ಲಿ ಅವ್ವಾನೂ ಅಪ್ಪನ ಹಿಂದೆ ಬಸ್ ಹತ್ತಿದ್ಲು ಅಂತ. ನಾನಿರೋದು ಮೈಸೂರು, ಅವ್ವ ಮಂಡ್ಯ ಬಿಟ್ಟು ಅಲ್ಲಾಡಲ್ಲ, ಹಂಗಾಗಿ ವರ್ಷಕ್ಕೊಂದು ದಿನ ಆಫೀಸಿಗೆ ರಜ ಹಾಕ್ತೀನಿ. ಈ ಸಲ ಮ್ಯಾನೇಜರ್ರು ರೀಸನ್ ಏನು ಅಂದ್ರು. ತಾಯಿ ಬದುಕಿದ್ದಾರೆ ಸಾರ್ ಅಂದೆ. ಕಂಗ್ರಾಚುಲೇಷನ್ಸ್ ಅಂದ್ರು, ಅವರಿಗೂ ಏನ್ ಹೇಳ್ಬೇಕೋ ಗೊತ್ತಾಗ್ಲಿಲ್ಲ ಪಾಪ.

ಬ್ಯಾಂಕ್ ತೆಗೆಯೋದು ಹತ್ತಕ್ಕೆ, ಎಂಟೂಮುಕ್ಕಾಲಿಗೇ ಮೆಟ್ಟಿಲ ಮೇಲೆ ಇಪ್ಪತ್ತು ಜನ. ಎಲ್ಲಾ ಬದುಕಿರೋರೇ, ನೋಡಿದ್ರೇ ಗೊತ್ತಾಗುತ್ತೆ, ಒಬ್ರು ಫ್ಲಾಸ್ಕಿಂದ ಕಾಫಿ ಬಗ್ಗಿಸ್ಕೋತಾ ಇದ್ರು, ಇನ್ನೊಬ್ರು ಆಟೋದವನ ಜೊತೆ ಹತ್ತು ರೂಪಾಯಿಗೆ ಜಗಳಕ್ಕೆ ಬಿದ್ದಿದ್ರು, ಸತ್ತೋರು ಯಾರಾದ್ರೂ ಆಟೋ ಮೀಟರ್ ಬಗ್ಗೆ ಅಷ್ಟೊಂದು ತಲೆ ಕೆಡಿಸ್ಕೋತಾರಾ?

ನಮ್ಮ ಸರದಿ ಬಂದಾಗ ಹನ್ನೊಂದೂವರೆ. ಕೌಂಟರ್ ಹುಡ್ಗ ಒಳ್ಳೇವನೇ, "ಅಜ್ಜಿ ಹೆಬ್ಬೆಟ್ಟು ಇಡಿ" ಅಂದ. ಅವ್ವ ಇಟ್ಲು. ಕೆಂಪು ಲೈಟು. ಎಡಗೈದು, ಕೆಂಪು. ತೋರುಬೆರಳು, ಕೆಂಪು. ಹಿಂಗೇ ಹತ್ತೂ ಬೆರಳೂ ಆಯ್ತು. ಕ್ಯೂನಲ್ಲಿದ್ದೋರೆಲ್ಲ ಡಾಕ್ಟ್ರಾಗ್ಬಿಟ್ರು, ಒಬ್ರು ಒದ್ದೆ ಬಟ್ಟೇಲಿ ಒರೆಸಿ ಅಂತ, ಒಬ್ರು ಹಣೆಗೆ ಉಜ್ಜಿ ಆಮೇಲೆ ಇಡಿ ಅಂತ, ಒಬ್ರು ವಿಕ್ಸ್ ಡಬ್ಬಿ ತೆಗೆದೇ ಬಿಟ್ರು. ಅವ್ವ ಕೈ ತಿರುಗಿಸಿ ನೋಡ್ಕೊಂಡು, "ಐವತ್ತು ವರ್ಸ ಬೂದಿ ಆಕಿ ಪಾತ್ರೆ ಬೆಳಗಿವ್ನಿ, ಮುದ್ದೆ ಕಟ್ಟಿವ್ನಿ, ಗೆರೆ ಎಲ್ಲಿಂದ ಬಂದದು ಮಗಾ, ಎಲ್ಲಾ ನಿಮ್ಮಪ್ಪನ ತಟ್ಟೇಲೇ ಸವ್ದೋಯ್ತು" ಅಂದ್ಲು. ಹುಡ್ಗ ಕಂಪ್ಯೂಟರ್ ನೋಡ್ತಾನೇ, "ಕ್ವಾಲಿಟಿ ಪೂರ್ ಅಂತಿದೆ ಅಜ್ಜಿ" ಅಂದ.

ಇಲ್ಲೊಂದು ಮಾತು ಹೇಳ್ಬೇಕು. ಅವ್ವಂಗೆ ಸೈನ್ ಹಾಕೋದು ಕಲಿಸಿದ್ದು ಅಪ್ಪಾನೇ. 90ರ ದಶಕದ ಸಾಕ್ಷರತಾ ಆಂದೋಲನದಲ್ಲಿ ಊರೂರು ಸುತ್ತಿ, ಲಾಟೀನ್ ಇಟ್ಕೊಂಡು ರಾತ್ರಿ ಪಾಠ ಮಾಡಿ, ಹೆಬ್ಬೆಟ್ಟು ಒತ್ತೋರ ಕೈಗೆ ಬಳಪ ಕೊಟ್ಟೋರು ಆಯಪ್ಪ, ಮನೇಲೂ ಅವ್ವನ ಕೈ ಹಿಡಿದು ತಿದ್ದಿಸಿ ತಿದ್ದಿಸಿ ಹೆಸರು ಬರೆಯೋದು ಕಲಿಸಿದ್ರು, ಆ ಸೈನ್ ನೋಡ್ಬೇಕು ನೀವು, ರಂಗೋಲಿ ಇದ್ದಂಗಿದೆ. ಹೆಬ್ಬೆಟ್ಟು ಅನ್ನೋದು ನಮ್ಮನೇಲಿ ಬೈಗುಳ ಕಣ್ರೀ. ಈಗ ಅದೇ ಮೇಷ್ಟ್ರ ಪೆನ್ಷನ್ನಿಗೆ ಮೇಷ್ಟ್ರ ಹೆಂಡ್ತಿ "ನಾನು ಸೈನ್ ಹಾಕ್ತೀನಿ" ಅಂತಿದಾಳೆ, ಇವನು "ಬೇಡ ಅಜ್ಜಿ, ಹೆಬ್ಬೆಟ್ಟೇ ಬೇಕು" ಅಂತಿದಾನೆ. 2014ರ ನವೆಂಬರ್‌ನಲ್ಲಿ ಡಿಜಿಟಲ್ ಜೀವನ ಪ್ರಮಾಣ ಬಂದಾಗ ಇನ್ಮೇಲೆ ಕಷ್ಟ ಇಲ್ಲ ಅಂದ್ರಲ್ಲ, ನಿಜ, ಬೆರಳಲ್ಲಿ ಗೆರೆ ಇರೋರಿಗೆ ಕಷ್ಟ ಇಲ್ಲ, ಪೆನ್ಷನ್ ವಯಸ್ಸಿಗೆ ಬಂದೋರ ಬೆರಳಲ್ಲಿ ಗೆರೆ ಉಳಿದಿರುತ್ತಾ ಅಂತ ಯಾರಾದ್ರೂ ಒಂದ್ಸಲ ಅವರವರ ಅಜ್ಜಿ ಕೈ ಹಿಡಿದು ನೋಡ್ಬಹುದಿತ್ತು ಅಷ್ಟೇ.

ಬೆರಳಾಗ್ಲಿಲ್ಲ ಅಂದ್ರೆ ಮುಖ. 2021ರಿಂದ ಮುಖ ತೋರ್ಸಿದ್ರೂ ಆಗುತ್ತೆ, ಫೋನ್ ಕ್ಯಾಮೆರಾ ಮುಂದೆ ಕೂತು ಕಣ್ಣು ಮಿಟುಕಿಸ್ಬೇಕು, ಫೋಟೋ ಹಿಡ್ಕೊಂಡು ಬಂದು ಮೋಸ ಮಾಡ್ಬಾರ್ದು ಅಂತ. ಹುಡ್ಗ ಫೋನ್ ಹಿಡಿದ. ಮಿಟುಕಿಸು ಅನ್ನೋ ಪದ ಅವನ ಬಾಯಿಗೆ ಬರ್ಲಿಲ್ಲ ಅನ್ಸುತ್ತೆ, ನಗುನಗ್ತಾ, "ಅಜ್ಜೀ, ಒಂದ್ಸಲ ಕಣ್ಣು ಹೊಡೀರಿ" ಅಂದ್ಬಿಟ್ಟ.

ಅವ್ವ ಸೆರಗು ಸರಿ ಮಾಡ್ಕೊಂಡ್ಲು. "ಏನ್ಲಾ ಅಂದೆ?"

"ಕಣ್ಣು ಹೊಡೀರಿ ಅಜ್ಜಿ, ಫೋನ್ ನೋಡ್ಕೊಂಡು."

"ನಿಮ್ಮಪ್ಪಂಗೆ ಎಷ್ಟು ವಯಸ್ಸು? ನನ್ ದೊಡ್ಮಗಳಿಗಿಂತ ಚಿಕ್ಕೋನಿರ್ಬೇಕು. ಅವ್ನ ಮಗ ನೀನು ಬ್ಯಾಂಕ್ನಾಗೆ ಕೂತ್ಕಂಡು ನನ್ಗೆ ಕಣ್ ಒಡಿ ಅಂತೀಯಾ?"

ನಾನು ಮಧ್ಯೆ ಬಿದ್ದು ಸಮಾಧಾನ ಮಾಡಿ, ರೆಪ್ಪೆ ಬಡಿಯವ್ವ ಸಾಕು ಅಂತ ಬಿಡಿಸಿ ಹೇಳಿದ್ಮೇಲೆ ಬಡಿದ್ಲು, ಆದ್ರೆ ಫೋನ್ ಕೇಳಿದಾಗಲ್ಲ, ಕೇಳಿ ಐದು ಸೆಕೆಂಡ್ ಆದ್ಮೇಲೆ, ಪೊರೆ ಆಪರೇಷನ್ ಆಗಿರೋ ಕಣ್ಣು, ಅದಕ್ಕೂ ಒಂದು ಟೈಮ್ ಬೇಕಲ್ವಾ. ಫೇಲ್. ಕನ್ನಡಕ ತೆಗೀರಿ, ಫೇಲ್. ಬೆಳಕಿಗೆ ಬನ್ನಿ, ಫೇಲ್. ಆಧಾರಲ್ಲಿರೋ ಫೋಟೋ ತೆಗೆದಾಗ ಅಪ್ಪ ಇದ್ರು, ಕುಂಕುಮ ಕಾಸಗಲ ಇತ್ತು, ಕೆನ್ನೆ ತುಂಬಿತ್ತು, ಈಗಿನ ಮುಖಾನ ಆ ಮುಖದ ಜೊತೆ ಹೋಲಿಸಿ ಬೇರೆ ಯಾರೋ ಅನ್ಕೊಂತೋ ಏನೋ ಆ್ಯಪು. ಅದು ಅನ್ಕೊಂಡ್ರೆ ತಪ್ಪಿಲ್ಲ, ಒಂದೊಂದ್ಸಲ ನಂಗೂ ಹಂಗೇ ಅನ್ಸುತ್ತೆ.

ಅದೇ ಬೆಳಿಗ್ಗೆ ಮನೆಯಿಂದ ಹೊರಟಾಗ ಬಸ್ ಕಂಡಕ್ಟರ್ರು ಇದೇ ಆಧಾರ್ ನೋಡಿದ್ರು. ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ಅವ್ವ ಊರೂರು ತಿರುಗ್ತಾಳೆ, ಕಂಡಕ್ಟರ್ರು ಒಂದು ಕೈಲಿ ಮೇಲಿನ ಕಂಬಿ ಹಿಡ್ಕೊಂಡು, ಅಲ್ಲಾಡೋ ಬಸ್ಸಲ್ಲಿ, ಅರ್ಧ ಸೆಕೆಂಡ್ ಕಾರ್ಡ್ ನೋಡಿ ಅರ್ಧ ಸೆಕೆಂಡ್ ಮುಖ ನೋಡಿ, "ಎಲ್ಲಿಗವ್ವ" ಅಂತ ಜೀರೋ ಟಿಕೆಟ್ ಹರಿದು ಕೊಟ್ರು, ಕಣ್ಣು ಹೊಡಿ ಅನ್ಲಿಲ್ಲ. ಕರ್ನಾಟಕದ ಎಲ್ಲಾ ಪೆನ್ಷನ್ ಆಫೀಸಿಗೂ ಒಬ್ಬೊಬ್ಬ ಕಂಡಕ್ಟರ್‌ನ ಡೆಪ್ಯುಟೇಷನ್ ಮೇಲೆ ಹಾಕಿದ್ರೆ ಮಧ್ಯಾಹ್ನದೊಳಗೆ ಕೆಲ್ಸ ಮುಗಿಯುತ್ತೆ, ಚಿಲ್ಲರೆ ಪ್ರಾಬ್ಲಮ್ಮೂ ಇಲ್ಲ.

ಅಷ್ಟರಲ್ಲಿ ಸರ್ವರ್ ಬಿಜಿ ಅಂತ ಬಂತು. ಊಟ ಮಾಡ್ಕೊಂಡ್ ಬನ್ನಿ ಅಂದ್ರು. ಹೊರಗೆ ಬಂದ್ರೆ ಸರ್ಕಲ್ ತುಂಬಾ ಫ್ಲೆಕ್ಸು. ರಾಜ್ಯೋತ್ಸವದ್ದು ಇನ್ನೂ ಇಳಿಸಿಲ್ಲ, ಅದರಲ್ಲಿ ಅಣ್ಣಾವ್ರು, ವಿಷ್ಣು ದಾದಾ, ಅಕ್ಟೋಬರ್ 29ಕ್ಕೆ ಕಟ್ಟಿದ ಅಪ್ಪು ಫ್ಲೆಕ್ಸ್ ಪಕ್ಕದಲ್ಲಿ, ನವೆಂಬರ್ 24ರ ಪುಣ್ಯತಿಥಿ ಹತ್ರ ಬಂತಲ್ಲ, ಅಂಬರೀಷಣ್ಣಂದು ಹೊಸದು, ಮೂರು ಮಹಡಿ ಎತ್ತರ. ಮಂಡ್ಯದಲ್ಲಿ ಅಂಬರೀಷಣ್ಣ ಇಲ್ಲ ಅಂತ ಹೇಳೋ ಧೈರ್ಯ ಯಾರಿಗೂ ಇಲ್ಲ, ನಂಗಂತೂ ಇಲ್ಲ. ಅವ್ವ ಅಲ್ಲೇ ನಿಂತು ಕೈ ಮುಗಿದ್ಲು. ಆಮೇಲೆ ಕೆಳಗೆ ಸಾಲಾಗಿ ಪಾಸ್‌ಪೋರ್ಟ್ ಸೈಜಲ್ಲಿ ಕೂಲಿಂಗ್ ಗ್ಲಾಸ್ ಹಾಕ್ಕೊಂಡಿದ್ದ ನಲವತ್ತು ಹುಡುಗರನ್ನ ನೋಡಿ, "ಇವ್ರಿಗೆ ಕನ್ನಡ್ಕ ತೆಗಿ ಅಂತ ಯಾರೂ ಅನ್ನಕಿಲ್ವಾ" ಅಂದ್ಲು.

ಅಪ್ಪನ ಕಥೆ ಕೇಳಿ. ಅವರು ಹೋಗಿ ಐದು ವರ್ಷ ಆದ್ಮೇಲೆ, 2024ರ ಏಪ್ರಿಲ್ 26ಕ್ಕೆ ಲೋಕಸಭೆ ಓಟಿತ್ತಲ್ಲ, ಅಪ್ಪನ ಹೆಸರಲ್ಲಿ ಮನೆಗೆ ಓಟಿನ ಚೀಟಿ ಬಂತು. ಕ್ರಮಸಂಖ್ಯೆ, ಬೂತ್ ನಂಬರ್ ಎಲ್ಲಾ ಕರೆಕ್ಟು. ತಂದ ಹುಡುಗ "ಯಜಮಾನ್ರಿಗೆ ಬೆಳಿಗ್ಗೇನೇ ಬಂದು ಹಾಕಕ್ಕೆ ಹೇಳಿ, ಆಮೇಲೆ ಬಿಸಿಲು" ಅಂತ ಬೇರೆ ಹೇಳ್ದ. ನೋಡಿ, ಗೋಡೆ ಮೇಲೆ ಹಾರ ಹಾಕಿರೋ ಅಪ್ಪನ ಬಗ್ಗೆ ಯಾರಿಗೂ ಡೌಟಿಲ್ಲ, ಅವರು ಬಿಸಿಲಿಗೆ ಸುಸ್ತಾಗ್ಬಾರ್ದು ಅನ್ನೋ ಕಾಳಜೀನೂ ಇದೆ, ಎದುರಿಗೆ ಕೂತು ಎಲೆಅಡಿಕೆ ಹಾಕ್ತಿರೋ ಅವ್ವನ ಮೇಲೆ ಮಾತ್ರ ಅನುಮಾನ.

ಉತ್ತರ ಪ್ರದೇಶದ ಅಜಂಗಢದಲ್ಲಿ ಲಾಲ್ ಬಿಹಾರಿ ಅಂತ ಒಬ್ರಿದಾರೆ, ಜಮೀನಿನ ಆಸೆಗೆ ಸಂಬಂಧಿಕರೇ ಅವರನ್ನ ರೆಕಾರ್ಡಲ್ಲಿ ಸಾಯಿಸ್ಬಿಟ್ಟಿದ್ರು, ನಾನು ಬದುಕಿದೀನಿ ಅಂತ ಒಪ್ಪಿಸೋಕೆ 1994ರ ತನಕ ಗುದ್ದಾಡಿದ್ರು, ಹೆಸರಿನ ಜೊತೆ ‘ಮೃತಕ್’ ಅಂತ ಸೇರಿಸ್ಕೊಂಡು ಸತ್ತೋರದ್ದೇ ಒಂದು ಸಂಘ ಕಟ್ಟಿದ್ರು, ಅದಕ್ಕೆ 2003ರಲ್ಲಿ, ನೊಬೆಲ್‌ನ ಅಣಕಿಸಿ ಕೊಡೋ ಇಗ್‌ನೊಬೆಲ್ ಶಾಂತಿ ಪ್ರಶಸ್ತೀನೂ ಬಂತು. ಅನ್ನಸಾಂಬಾರ್ ತಿಂತಾ ಇದನ್ನ ಅವ್ವಂಗೆ ಹೇಳಿದ್ರೆ, "ಅವ್ರಿಗೆ ಪಿಂಚಣಿ ಬಂತಾ?" ಅಂದ್ಲು. ಅವ್ವಂಗೆ ಯಾವ ಕಥೆ ಹೇಳಿದ್ರೂ ಪಾಯಿಂಟಿಗೇ ಬರ್ತಾಳೆ.

ವಾಪಸ್ ಬಂದು ಕೂತ್ವಿ. ಪಕ್ಕದಲ್ಲಿ ಫ್ಲಾಸ್ಕ್ ತಾತ. "ನೀವ್ಯಾಕೆ ಇಷ್ಟು ದೂರ ಕರ್ಕೊಂಡ್ ಬಂದ್ರಿ, 70 ರೂಪಾಯಿ ಕೊಟ್ರೆ ಪೋಸ್ಟ್‌ಮ್ಯಾನೇ ಮೆಷಿನ್ ಹಿಡ್ಕೊಂಡು ಮನೆಗೆ ಬತ್ತಾರಲ್ಲ, 2020ರಿಂದ್ಲೇ ಐತೆ" ಅಂದ್ರು. ನಾನು ರಜ ಹಾಕಿ ಮೈಸೂರಿಂದ ಬಂದಿದ್ದೀನಿ, ಹೊಟ್ಟೆ ಉರಿದೋಯ್ತು. ಮತ್ತೆ ನೀವ್ಯಾಕೆ ಬಂದ್ರಿ ತಾತ ಅಂದೆ. "ಮನೇಲಿ ಕುಂತ್ರೆ ಯಾರು ಅವ್ರೆ ಯಾರು ಇಲ್ಲ ಅಂತ ಎಂಗ್ ಗೊತ್ತಾದದು? ಓದ್ ವರ್ಸ ಚಿಕ್ಕಮಂಡ್ಯದವರೊಬ್ರು ಇಲ್ಲೇ ಈ ಕುರ್ಚೀಲೇ ಕುಂತಿದ್ರು, ಈ ಸಲ ಕಾಣ್ತಿಲ್ಲ" ಅಂತ ಹೇಳಿ ಬಾಗಿಲ ಕಡೆ ನೋಡಿದ್ರು. ಇನ್ನೂ ಬರ್ಬಹುದು ತಾತ, 30ರ ತನಕ ಟೈಮಿದೆ ಅಂದೆ. "ಊಂ" ಅಂದ್ರು.

ಎರಡೂವರೆಗೆ ಸರ್ವರ್ ಎದ್ದಿತು. ಮೊದ್ಲಿಂದ ಎಲ್ಲಾ ತುಂಬ್ಬೇಕು. ಹುಡ್ಗ ಸ್ಕ್ರೀನ್ ನೋಡ್ಕೊಂಡು ಸ್ವಲ್ಪ ಜೋರಾಗೇ ಓದ್ದ, "ಅಜ್ಜಿ, ಮರುಮದುವೆ ಆಗಿದೀರಾ?"

ಇಡೀ ಕ್ಯೂ ಗಪ್‌ಚಿಪ್. ಫ್ಯಾಮಿಲಿ ಪೆನ್ಷನ್ ತಗೊಳೋರಿಗೆ ಈ ಪ್ರಶ್ನೆ ಇದ್ದೇ ಇರುತ್ತೆ, ರೂಲ್ಸು. ಎಪ್ಪತ್ನಾಲ್ಕು ವರ್ಷದ ಅವ್ವ ಫ್ಲಾಸ್ಕ್ ತಾತನ ಕಡೆ ಒಂದ್ಸಲ ನೋಡಿ, "ಇಲ್ಲ ಕಣಪ್ಪ, ಇನ್ನೂ ಯೋಚ್ನೆ ಮಾಡ್ತಾವ್ನಿ" ಅಂದ್ಲು. ತಾತನ ಫ್ಲಾಸ್ಕ್ ಮುಚ್ಚಳ ಕೆಳಗೆ ಬಿತ್ತು.

ಆಮೇಲೆ ಓಟಿಪಿ. ನನ್ನ ಫೋನಿಗೂ ಬರ್ಲಿಲ್ಲ, ಅವ್ವಂದಕ್ಕೂ ಬರ್ಲಿಲ್ಲ. ಯಾವ ನಂಬರ್ ಹಾಕಿದ್ರಿ ಅಂದ್ರೆ ಬ್ಯಾಂಕ್ ರೆಕಾರ್ಡಲ್ಲಿದ್ದ ಅಪ್ಪನ ನಂಬರ್ರು. ಆ ಸಿಮ್‌ಗೆ ರೀಚಾರ್ಜ್ ಮಾಡದೆ ಯಾವುದೋ ಕಾಲ ಆಯ್ತು, ಕಂಪನಿಯವರು ಇನ್ಯಾರಿಗೋ ಕೊಟ್ಟಿರ್ತಾರೆ. ಫೋನ್ ಹಚ್ಚಿದೆ. ಅಪ್ಪನ ನಂಬರಿಗೆ ಅಷ್ಟು ವರ್ಷ ಆದ್ಮೇಲೆ ರಿಂಗ್ ಆಗೋದು ಕೇಳಿ ಒಂದು ಕ್ಷಣ ಏನೋ ಆಯ್ತು, ಬಿಡಿ. ಆ ಕಡೆಯಿಂದ ಗದಗ ಕಡೆಯ ದನಿ, "ಯಾರ್ರೀ?"

"ಅಣ್ಣಾ, ನಿಮಗೀಗ ಒಂದು ಓಟಿಪಿ ಬಂದಿದೆಯಲ್ಲ, ಅದು ನಮ್ಮವ್ವಂದು, ಸ್ವಲ್ಪ ಹೇಳ್ತೀರಾ?"

"ಲೇ ತಮ್ಮಾ, ಫೋನ್ ಎತ್ತಿದ್ರ ಸಾಕು ಓಟಿಪಿ ಯಾರಿಗೂ ಹೇಳಬ್ಯಾಡ್ರಿ ಅಂತ ಬಡಕೊಳ್ತಾರ, ನೀ ಹಗಲಾಗ ಫೋನ್ ಮಾಡಿ ಕೇಳಾಕತ್ತೀಯಲ್ಲೋ? ಸೈಬರ್ ಪೊಲೀಸರ 1930ಕ್ಕ ಹಚ್ಚಲೇನು?"

"ಅಲ್ಲಣ್ಣ, ನಮ್ಮವ್ವ ಬದುಕಿದಾಳೆ ಅಂತ..."

"ಯಾರ ಅವ್ವ ಬದುಕಿಲ್ಲೋ? ನಮ್ಮವ್ವನೂ ಬದುಕ್ಯಾಳ!"

ಅವ್ವ ಫೋನ್ ಕಿತ್ಕೊಂಡ್ಲು. ಏನೇನು ಹೇಳಿದ್ಲೋ, ಮೇಷ್ಟ್ರು, ಮಂಡ್ಯ, ಬೆರಳು, ಕಣ್ಣು ಹೊಡೆಯೋದು, ಎಲ್ಲಾ. ಆ ಕಡೆ ತುಂಬಾ ಹೊತ್ತು ಮಾತಿಲ್ಲ, ಆಮೇಲೆ ಮೆತ್ತಗೆ, "ಯವ್ವಾ, ಮೇಷ್ಟ್ರ ನಂಬರ್ರೇನು ಇದು? ತಿಂಗಳಾ ತಿಂಗಳಾ ಪೆನ್ಷನ್ ಜಮಾ ಆತು ಅಂತ ಮೆಸೇಜ್ ಬರ್ತಿತ್ತು ನೋಡ್ರಿ, ಯಾರೋ ಹಿರ್ಯಾರು ಅರಾಮ ಅದಾರ ಬಿಡು ಅನ್ಕೋತಿದ್ನಿ" ಅಂತ ಆರು ನಂಬರ್ ಒಂದೊಂದಾಗಿ ಹೇಳಿದ್ರು. ನಾನು ಹುಡ್ಗಂಗೆ ಹೇಳೋ ಅಷ್ಟರಲ್ಲಿ ಟೈಮ್ ಔಟ್. ಹುಡ್ಗ ತಲೆ ಕೆರ್ಕೊಂಡು, "ಸಾರ್, ನಿಮ್ಮ ನಂಬರ್ರೇ ಹಾಕ್ಬಹುದು ಇದಕ್ಕೆ" ಅಂದ. ಮೊದ್ಲೇ ಹೇಳೋಕೆ ಏನಾಗಿತ್ತು ಮಾರಾಯ ಅಂತ ಕೇಳೋ ಶಕ್ತಿ ಉಳಿದಿರ್ಲಿಲ್ಲ.

ಕೊನೆಗೆ ನಾಲ್ಕಕ್ಕೆ ಹತ್ತು ನಿಮಿಷ ಇರೋವಾಗ ಕಿಟಕಿ ಪಕ್ಕ ಬಿಸಿಲಿಗೆ ಮುಖ ಮಾಡಿ ಕೂರ್ಸಿದ್ವಿ, ಬಿಸಿಲಿಗೆ ಅವ್ವನ ರೆಪ್ಪೆ ತಾನೇ ಬಡ್ಕೊಂತು, ಹಸಿರು ಬಂತು. ಬೆಂಗಳೂರಲ್ಲಿ ಬೆಳಿಗ್ಗೆಯಿಂದ ಗ್ರೂಪಲ್ಲಿ ‘ಆಯ್ತಾ? ಆಯ್ತಾ?’ ಅಂತಿದ್ದ ಅಕ್ಕಂಗೆ ‘ಅವ್ವ ಬದುಕಿದಾಳೆ’ ಅಂತ ಹಾಕಿದೆ. ಗ್ರೂಪಲ್ಲಿದ್ದ ಚಿಕ್ಕಪ್ಪ ಮೆಸೇಜ್ ಪೂರ್ತಿ ಓದದೆ ಓಂ ಶಾಂತಿ ಹಾಕಿದ್ರು.

ರಾತ್ರಿ ಅವ್ವನ ಸೀರಿಯಲ್. ನಾಲ್ಕು ತಿಂಗಳ ಹಿಂದೆ ಬೆಟ್ಟದಿಂದ ಬಿದ್ದು ಸತ್ತಿದ್ದ ಸೊಸೆ, ಪ್ಲಾಸ್ಟಿಕ್ ಸರ್ಜರಿ ಆಗಿ ಬೇರೇನೇ ಮುಖ ಇಟ್ಕೊಂಡು ಬಾಗಿಲಲ್ಲಿ ನಿಂತಿದ್ಲು, ಅತ್ತೆ ಬಳೆ ಸದ್ದು ಕೇಳೇ ಗುರುತು ಹಿಡಿದ್ಲು. ಅವ್ವ ಬೆರಳು ನೋಡ್ಕೋತಾ, "ನೋಡ್ಲಾ, ಮುಕಾನೂ ಇಲ್ಲ, ಎಬ್ಬೆಟ್ಟೂ ಇಲ್ಲ, ಒಂದೇ ಸಲಕ್ಕೆ ತಗಂತು" ಅಂದ್ಲು.

ತಿಂಗಳಾದ್ಮೇಲೆ ಒಂದಿನ ಆಫೀಸಲ್ಲಿ ಮೀಟಿಂಗಲ್ಲಿದ್ದಾಗ ಫೋನ್ ಬಂತು. ಸ್ಕ್ರೀನ್ ಮೇಲೆ ‘ಅಪ್ಪ’ ಅಂತ. ಆ ಹೆಸರು ನಾನಿನ್ನೂ ಅಳಿಸಿರ್ಲಿಲ್ಲ. ಎತ್ತಿದೆ.

"ತಮ್ಮಾ, ಪೆನ್ಷನ್ ಜಮಾ ಆಗೇತಿ ನೋಡು, ಈಗ ಮೆಸೇಜ್ ಬಂತು. ಅವ್ವಾರು ಅರಾಮ ಅದಾರಲ್ಲ?"