ಮೂಳೆಯ ವಯಸ್ಸು, ಎರಡು ವರ್ಷ ಆಚೀಚೆ

ನಮ್ಮ ಹಳ್ಳಿ ಶಾಲೆಗಳಲ್ಲಿ ಹಿಂದೆ ಒಂದು ಫೋರೆನ್ಸಿಕ್ ಪರೀಕ್ಷೆ ನಡೆಯುತ್ತಿತ್ತು. ಮಗು ಬಲಗೈಯನ್ನು ತಲೆ ಮೇಲಿಂದ ತಂದು ಎಡಗಿವಿ ಮುಟ್ಟಬೇಕು. ಮುಟ್ಟಿತೋ, ಒಂದನೇ ಕ್ಲಾಸು. ಹುಟ್ಟಿದ್ದು ಯಾವಾಗ? "ಆ ವರ್ಷ ಕೆರೆ ಕೋಡಿ ಬಿದ್ದಿತ್ತು ಸಾ" ಅಂದರೆ ಮೇಷ್ಟ್ರು ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ಅರ್ಧ ಊರಿಗೆ ಒಂದೇ ದಿನ ಬರ್ತ್‌ಡೇ ಬಂದಿದ್ದು ಹೀಗೆ.

ಈಗ ಕಾನೂನಿಗೆ ಬನ್ನಿ. ಪೊಲೀಸರು ಹಿಡಿದ ಹುಡುಗನಿಗೆ 18 ತುಂಬಿದೆಯೋ ಇಲ್ಲವೋ ಗೊತ್ತಾಗಬೇಕು. 2015ರ ಬಾಲನ್ಯಾಯ ಕಾಯ್ದೆಯ 94ನೇ ಸೆಕ್ಷನ್ ಸಾಕ್ಷಿಗಳನ್ನು ಕ್ಯೂ ನಿಲ್ಲಿಸಿದೆ. ಮೊದಲು ಶಾಲೆ ಕೊಟ್ಟ ಹುಟ್ಟಿದ ದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್. ಆಮೇಲೆ ಪುರಸಭೆ, ಪಂಚಾಯಿತಿ ಕೊಟ್ಟ ಜನನ ಪತ್ರ. ಯಾವುದೂ ಇಲ್ಲ ಅಂದರೆ ಮಾತ್ರ ಎಕ್ಸ್‌ರೇ. ಮೇಷ್ಟ್ರ ಜೂನ್ 1 ಇದ್ದಲ್ಲಿ ಮೂಳೆ ಬಾಯಿ ಬಿಡುವಂತಿಲ್ಲ.

ಬಿಟ್ಟರೂ ಅದು ಹೇಳುವುದೇನು? ಮಣಿಕಟ್ಟು, ಮೊಣಕೈ, ಭುಜ, ಸೊಂಟದ ಎಕ್ಸ್‌ರೇ ತೆಗೆಯುತ್ತಾರೆ. ಬೆಳೆಯುವ ಮೂಳೆಯ ತುದಿ ಇನ್ನೂ ಬಿಡಿಯಾಗಿದೆಯೋ, ಬೆಸೆದುಕೊಂಡಿದೆಯೋ ನೋಡುತ್ತಾರೆ. ಊಟ, ಹಾರ್ಮೋನು, ಕಾಯಿಲೆ ಎಲ್ಲವೂ ಈ ಬೆಸುಗೆಯನ್ನು ಹಿಂದೆ ಮುಂದೆ ಮಾಡುತ್ತವೆ. ಜಗತ್ತಿನ ಎಷ್ಟೋ ಕಡೆ ಹೋಲಿಸಿ ನೋಡಲು ಬಳಸುವ ಅಟ್ಲಾಸಿನಲ್ಲಿರುವುದು 1930ರ ದಶಕದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಬೆಳೆದ, ಅನುಕೂಲಸ್ಥ ಬಿಳಿಯರ ಮಕ್ಕಳ ಕೈಗಳು. ನಮ್ಮ ಇಟ್ಟಿಗೆ ಭಟ್ಟಿಯ ಹುಡುಗ ಅವರ ಮುಂದೆ ಕೈ ಚಾಚಿ ಲೆಕ್ಕ ಒಪ್ಪಿಸಬೇಕಾ?

ಡಾಕ್ಟರು ಪಾಪ, ಪ್ರಾಮಾಣಿಕವಾಗಿ "16ರಿಂದ 18" ಎಂದು ಬರೆಯುತ್ತಾರೆ. ಆದರೆ ಎಕ್ಸ್‌ರೇ ಲೆಕ್ಕದಲ್ಲಿ ಎರಡು ವರ್ಷ ಆಚೀಚೆ ಆಗಬಹುದು ಎಂದು ಸುಪ್ರೀಂ ಕೋರ್ಟು 1982ರಲ್ಲೇ ಹೇಳಿಬಿಟ್ಟಿದೆ. ಸೇರಿಸಿ, ಕಳೆಯಿರಿ. ಈಗ ವಯಸ್ಸು 14ರಿಂದ 20. ಇಷ್ಟು ಹೇಳೋಕೆ ರೇಡಿಯಾಲಜಿಸ್ಟೇ ಬೇಕಿತ್ತಾ? ಹಾಫ್ ಟಿಕೆಟ್ಟೋ ಫುಲ್ ಟಿಕೆಟ್ಟೋ ಎಂದು ತೀರ್ಮಾನಿಸುವ ಬಸ್ ಕಂಡಕ್ಟರು ಇದಕ್ಕಿಂತ ಹತ್ತಿರ ಬರುತ್ತಿದ್ದರು.

ನಿಜವಾದ ತಮಾಷೆ ಇರುವುದು ಆ ಎರಡು ವರ್ಷ ಯಾವ ಕಡೆಗೆ ವಾಲಬೇಕು ಎನ್ನುವಲ್ಲಿ. ಪೋಕ್ಸೊ, ಅಂದರೆ 18 ತುಂಬದ ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಕೇಸಿನಲ್ಲಿ ಸಂತ್ರಸ್ತೆಯ ಮೂಳೆ ವಯಸ್ಸಿನ ಮೇಲಿನ ಅಂಕಿಯನ್ನೇ ಹಿಡಿಯಬೇಕು, ಅದಕ್ಕೆ ಇನ್ನೆರಡು ವರ್ಷವನ್ನೂ ಕೂಡಿಸಬೇಕು ಎಂದು ದೆಹಲಿ ಹೈಕೋರ್ಟು 2024ರಲ್ಲಿ ಹೇಳಿತು. ಸಂಶಯದ ಲಾಭ ಆರೋಪಿಗೆ ಹೋಗಬೇಕಲ್ವಾ! ಅದೇ ರಿಪೋರ್ಟು ಆರೋಪಿ ಹುಡುಗನದ್ದಾದರೆ ಅವನ ವಕೀಲರು ಕೆಳಗಿನ ಅಂಕಿ ಹಿಡಿದು, ಇನ್ನೆರಡು ಕಳೆಯಿರಿ ಎನ್ನುತ್ತಾರೆ. ಹುಡುಗಿಗೆ 20, ಹುಡುಗನಿಗೆ 14. ಇಬ್ಬರೂ ಒಂದೇ ಕ್ಲಾಸಿನವರಾಗಿರಬಹುದು.

ಅಂದ ಹಾಗೆ, ಬಾಲನ್ಯಾಯ ಮಂಡಳಿ ಆದೇಶಿಸಿದ ಈ ಪರೀಕ್ಷೆ 15 ದಿನದಲ್ಲಿ ಮುಗಿಯಬೇಕು ಎಂದು ಕಾಯ್ದೆ ಕಟ್ಟುನಿಟ್ಟಾಗಿ ಹೇಳುತ್ತದೆ. ವಯಸ್ಸು ಎರಡು ವರ್ಷ ತಪ್ಪಿದರೂ ನಡೆಯುತ್ತದೆ. ಹದಿನಾರನೇ ದಿನ ಮಾತ್ರ ಆಗುವಂತಿಲ್ಲ.