ಬಟ್ಟೆಯ ಬಣ್ಣ ಯಾವ ಹೊಳೆಗೆ ಹೋಯಿತು?

ಟೀ ಶರ್ಟು ಹೊಲಿದು ಹೊರದೇಶಕ್ಕೆ ಕಳಿಸುವ ತಮಿಳುನಾಡಿನ ತಿರುಪ್ಪೂರಿನಲ್ಲಿ ಬದುಕು ಕಟ್ಟಿಕೊಂಡ ಕನ್ನಡಿಗ ನಾನು. ಊರ ಕಡೆಯ ಗೆಳೆಯರು ಆಗಾಗ ಕೇಳುತ್ತಾರೆ: ಜನ ತಿಳುವಳಿಕೆಯಿಂದ ಆರಿಸಿ ಖರೀದಿಸಿದರೆ ಹೊಳೆ ಕೆಡಿಸುವ ಕಾರ್ಖಾನೆಗಳು ತಾವಾಗಿಯೇ ದಾರಿಗೆ ಬರುವುದಿಲ್ಲವೇ?

ಇಲ್ಲಿನ ನೊಯ್ಯಲ್ ಹೊಳೆಯನ್ನು ಕಂಡವರಿಗೆ ಅಷ್ಟು ನಂಬಿಕೆ ಬರುವುದಿಲ್ಲ. ಹತ್ತಿಗೆ ಬಣ್ಣ ಹಿಡಿಯಲು ಉಪ್ಪು ಬೇಕು, ಬಣ್ಣ ಗಾಢವಾದಷ್ಟೂ ಹೆಚ್ಚು ಬೇಕು. ಆ ಉಪ್ಪು ಬಟ್ಟೆಯಲ್ಲಿ ನಿಲ್ಲದೆ ನೀರಿನ ಜೊತೆ ಹೊರಬರುತ್ತದೆ. ಇಲ್ಲಿಯವರು ಸಾಯಪಟ್ಟರೈ ಎನ್ನುವ ಬಣ್ಣದ ಘಟಕಗಳಿಂದ ಅದು ವರ್ಷಗಟ್ಟಲೆ ಹೊಳೆಗಿಳಿದು ಒರತ್ತುಪಾಳಯಂ ಅಣೆಕಟ್ಟಿನಲ್ಲಿ ತುಂಬಿತು. ನೀರಾವರಿಗೆಂದು ಕಟ್ಟಿದ ಅಣೆಕಟ್ಟಿನ ನೀರೇ ಹೊಲ ಕೆಡಿಸತೊಡಗಿದಾಗ ರೈತರು ಕೋರ್ಟಿಗೆ ಹೋದರು. ಆಗಲೂ ಇಲ್ಲಿನ ಟೀ ಶರ್ಟು ಕೊಳ್ಳುತ್ತಿದ್ದವರು ಯುರೋಪು, ಅಮೆರಿಕದ ಓದಿದ ಜನ. ಹೊಳೆ ಉಳಿಯಲಿಲ್ಲ. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ 700ಕ್ಕೂ ಹೆಚ್ಚು ಘಟಕಗಳನ್ನು ಮುಚ್ಚಿಸಿ, ಕೊಳಚೆಯ ಒಂದು ಹನಿಯೂ ಹೊರಬೀಳಬಾರದು ಎಂದ ಮೇಲೆಯೇ ನೀರನ್ನು ಸೋಸಿ, ಉಳಿದದ್ದನ್ನು ಆವಿ ಮಾಡಿ ಉಪ್ಪು ಮರಳಿ ತೆಗೆಯುವ ಪದ್ಧತಿ ಗಟ್ಟಿಯಾಗಿ ನೆಲೆಯೂರಿದ್ದು.

ಇದಕ್ಕೆ ದುಡ್ಡು ಬೇಕು. ಆ ದುಡ್ಡು ಕೊಡುವ ಗಿರಾಕಿ ಇಲ್ಲದಿದ್ದರೆ ಕೆಲಸ ನಿಗಾ ಸಡಿಲವಿರುವ ಊರಿಗೆ ಹೋಗುತ್ತದೆ, 2011ರಲ್ಲಿ ಹೋಗಿಯೂ ಇತ್ತು. ಕೊಳ್ಳುವವನ ಪಾತ್ರ ಇರುವುದು ಇಲ್ಲಿ, ಕಾನೂನಿನ ಬೆನ್ನಿಗೆ. ಬಟ್ಟೆಗೆ ಅಂಟಿಸಿದ ಚೀಟಿಯನ್ನೂ ಸರಿಯಾಗಿ ಓದಬೇಕು. ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಎಂಬ ಮುದ್ರೆ ಪರೀಕ್ಷಿಸುವುದು ಬಟ್ಟೆ ತೊಡುವವರ ಮೈಗೆ ಕೆಡುಕೇ ಎಂಬುದನ್ನು, ಹೊಳೆಯನ್ನಲ್ಲ. ಸಾವಯವ ಬಟ್ಟೆಗೆ ಕೊಡುವ ಗಾಟ್ಸ್ (GOTS) ಮುದ್ರೆಗೆ ಕೊಳಚೆನೀರಿನ ಷರತ್ತೂ ಇದೆ.

ಇನ್ನು ನಮ್ಮ ಬೆಂಗಳೂರು. ಪೀಣ್ಯದ ಕಾರ್ಖಾನೆಗಳ ನೀರು ನಗರದ ಚರಂಡಿಯೊಡನೆ ವೃಷಭಾವತಿಗೆ ಬಿದ್ದು, ಬೈರಮಂಗಲ ಕೆರೆ ದಾಟಿ, ಅರ್ಕಾವತಿಯ ಮೂಲಕ ಕಾವೇರಿ ಸೇರುತ್ತದೆ. ನೊಯ್ಯಲ್ ಸೇರುವುದೂ ಕಾವೇರಿಯನ್ನೇ. ಆದರೆ ತಿರುಪ್ಪೂರಿನದು ಒಂದೇ ಕಸುಬು, ಯಾರನ್ನು ಹಿಡಿಯಬೇಕೆಂದು ರೈತರಿಗೆ ಗೊತ್ತಿತ್ತು. ಪೀಣ್ಯದಲ್ಲಿ ಲೋಹಕ್ಕೆ ಲೇಪ ಹಾಕುವವರಿಂದ ಹಿಡಿದು ಗಾರ್ಮೆಂಟ್ಸ್‌ವರೆಗೆ ಎಲ್ಲವೂ ಇದೆ. ಅಲ್ಲಿ ಲೇಪವಾದ ಬೋಲ್ಟು ಯಾವ ಯಂತ್ರದೊಳಗೆ ಕೂತಿದೆಯೆಂದು ಕೊಳ್ಳುವವನಿಗೆ ತಿಳಿಯುವುದು ಹೇಗೆ? ಬೈರಮಂಗಲದ ರೈತರನ್ನು ‘ಜಾಗೃತ ಗ್ರಾಹಕ’ನ ಕೈಗೆ ಒಪ್ಪಿಸುವುದು ಅನ್ಯಾಯ. ಅಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯೇ ಕೊಳವೆಯ ಬಾಯಿಗೆ ಹೋಗಿ ನಿಲ್ಲಬೇಕು.

ಬಟ್ಟೆಯ ಮಟ್ಟಿಗೆ ನಮ್ಮ ಕೈಯಲ್ಲಿ ಒಂದಿಷ್ಟು ಇದೆ. ತಿಳಿಬಣ್ಣ ಆರಿಸಬಹುದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಸಹಜ ಕಂದುಬಣ್ಣದ ಹತ್ತಿಯ ತಳಿ ರೂಪಿಸಿದೆ, ಅಂಥ ಹತ್ತಿಯ ಬಟ್ಟೆ ಸಿಕ್ಕರೆ ಬಿಡಬೇಡಿ, ಅದಕ್ಕೆ ಬಣ್ಣದ ತೊಟ್ಟಿಯೇ ಬೇಕಿಲ್ಲ. ಅಂಗಿಯ ಚೀಟಿಯಲ್ಲಿ ಅಳತೆ, ಬೆಲೆ ಇರುತ್ತದೆ. ಬಣ್ಣ ಹಾಕಿದ್ದು ಎಲ್ಲಿ, ಆ ನೀರು ಏನಾಯಿತು ಎಂಬುದನ್ನೂ ಅದರಲ್ಲಿ ಬರೆಯಲೇಬೇಕೆಂದು ಸರ್ಕಾರ ಕಾನೂನು ಮಾಡಲಿ.